ಆರು ದಾರಿಯ ಅಕ್ಕ

ಯಾರಾದರೂ ಸೌಜನ್ಯ ತೋರಿಸಿದರೆ ಅಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು. ಎಲ್ಲ ಸೌಜನ್ಯಕ್ಕೂ ಅಲ್ಲ. ಆರು ರಸ್ತೆಗಳು ಬಂದು ಕೂಡುವ ಜಾಗದಲ್ಲಿ ಎದುರಿನ ವಾಹನದವನು ಗಾಡಿ ನಿಲ್ಲಿಸಿ, ಮಂದಹಾಸ ಬೀರಿ, ‘ನೀವು ಹೋಗಿ’ ಎಂದು ಕೈ ಬೀಸುತ್ತಾನಲ್ಲ, ಆ ಒಂದು ಸೌಜನ್ಯಕ್ಕೆ. ಪಕ್ಕದ ಸೀಟಿನಲ್ಲಿ ಕುಳಿತ ಅವರು ತಮ್ಮ ಪಾದದಡಿಯ ಬ್ರೇಕನ್ನು ಒತ್ತಿ ಹಿಡಿದು, ಕಾರು ಕಲಿಯುತ್ತಿದ್ದ ನಮ್ಮ ಮೇಲೆ ರೇಗುತ್ತಿದ್ದರು: “ಅವನು ಅವನ ರಸ್ತೆಗೆ ಮಾತ್ರ ದೊರೆ. ಮಿಕ್ಕ ರಸ್ತೆಗಳ ಪರವಾಗಿ ಕೈ ಬೀಸೋಕೆ ಅವನ್ಯಾರು?”

ಡ್ರೈವಿಂಗ್ ಸ್ಕೂಲಿನಲ್ಲಿ ಹದಿನೆಂಟು ವರ್ಷ ಕಲಿಸಿದ ಅವರನ್ನು ನಾವೆಲ್ಲ ಆರು ದಾರಿಯ ಅಕ್ಕ ಎಂದೇ ಕರೆಯುತ್ತಿದ್ದೆವು. ಐವತ್ತು ದಾಟಿದ ಕುಳ್ಳ ದೇಹ, ತೋಳನ್ನು ಎರಡು ಸುತ್ತು ಮಡಿಚಿದ ಗಂಡಸರ ಬೂದು ಕೋಟು, ನಾಲ್ಕು ಹೆಜ್ಜೆಗೊಮ್ಮೆ ಹೆಗಲ ಮೇಲಿಂದ ಹಿಂದಕ್ಕೆ ನೋಡುವ ಅವಸರದ ನಡಿಗೆ. ಅಡುಗೆಮನೆಯಿಂದ ಹೊರಬರುವಾಗಲೂ ಬಾಗಿಲಲ್ಲಿ ಒಂದು ಕ್ಷಣ ನಿಂತು ಎರಡೂ ಕಡೆ ನೋಡುತ್ತಾರೆಂದು ಅವರ ಯಜಮಾನರೇ ನನಗೆ ಹೇಳಿ ನಕ್ಕಿದ್ದರು.

ಆ ಕೂಡುರಸ್ತೆಗೆ ಸಿಗ್ನಲ್ ದೀಪವಿಲ್ಲ, ನಡುವೆ ಗುಂಡನೆಯ ಕಟ್ಟೆಯಿಲ್ಲ. ಮೂರು ರಸ್ತೆಗಳು ನೇರವಾಗಿ, ಎರಡು ಓರೆಯಾಗಿ, ಇನ್ನೊಂದು ಟೈರ್ ಅಂಗಡಿಯ ಹಿಂದಿನಿಂದ ಕಳ್ಳನ ಹಾಗೆ ಬಂದು ಸೇರುತ್ತವೆ. ಮೊದಲ ದಿನ ಅಕ್ಕ ನಮಗೆ ಅಲ್ಲಿ ಸ್ಟೀರಿಂಗ್ ಮುಟ್ಟಲು ಬಿಡುತ್ತಿರಲಿಲ್ಲ. ಕಾರನ್ನು ದೂರ ನಿಲ್ಲಿಸಿ, ಒಂದೊಂದು ರಸ್ತೆಯ ಬಾಯಿಗೂ ನಡೆಸಿಕೊಂಡು ಹೋಗಿ, ನಾವು ಬರಲಿರುವ ರಸ್ತೆಯನ್ನು ಅಲ್ಲಿಂದ ತೋರಿಸುತ್ತಿದ್ದರು. “ನಿನಗೆ ಅವನು ಕಾಣೋದು ಆಮೇಲೆ. ಅವನಿಗೆ ನೀನು ಕಾಣ್ತೀಯಾ, ಅದನ್ನ ಮೊದಲು ನೋಡು.” ಬಿಸಿಲಲ್ಲಿ ಆರೂ ಬಾಯಿಗಳನ್ನು ಸುತ್ತಿ ಬೆವರಿಳಿದ ನಾನು, ಕಾರು ಕಲಿಯಲು ಬಂದವನಿಗೆ ಇದೆಂಥ ಗ್ರಹಚಾರ ಎಂದು ಗೊಣಗಿದ್ದುಂಟು.

ನನ್ನ ತಂಗಿಯೂ ಅವರಲ್ಲೇ ಕಲಿತಳು. ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ನರ್ಸ್ ಕೆಲಸ ಅವಳಿಗೆ ಸಿಕ್ಕಿತ್ತು, ಆದರೆ ಸೋಮವಾರದೊಳಗೆ ಲೈಸೆನ್ಸ್ ತೋರಿಸಬೇಕಿತ್ತು. ಶುಕ್ರವಾರ ಪರೀಕ್ಷೆ. ಪಕ್ಕದಲ್ಲಿ ಪರೀಕ್ಷಾಧಿಕಾರಿ, ಹಿಂದಿನ ಸೀಟಿನಲ್ಲಿ ಅಕ್ಕ. ನಾನು ಲೈಸೆನ್ಸ್ ಕಚೇರಿಯಲ್ಲಿ ಕಾಯುತ್ತಿದ್ದೆ. ನಡೆದದ್ದನ್ನು ಆಮೇಲೆ ತಂಗಿ ಹೇಳಿದಳು. ಆರು ದಾರಿಗೆ ಬಂದಾಗ ಒಂದು ಲಾರಿ ನಿಂತು, ಅದರ ಚಾಲಕ ಧಾರಾಳವಾಗಿ ಕೈ ಬೀಸಿದನಂತೆ. ಇವಳು ಕದಲಲಿಲ್ಲ, ಏಕೆಂದರೆ ದಾರಿ ಬಿಟ್ಟ ಆ ಲಾರಿಯೇ ಟೈರ್ ಅಂಗಡಿಯ ರಸ್ತೆಯನ್ನು ಪೂರ್ತಿ ಮರೆಮಾಡಿತ್ತು. ಹಿಂದಿನವರು ಹಾರನ್ ಬಾರಿಸಿ ಕಿವಿ ತೂತು ಮಾಡಿದರು. “ಹೋಗಿ, ಅವರು ಬಿಟ್ರಲ್ಲ” ಎಂದ ಅಧಿಕಾರಿ ಕಾಗದದ ಮೇಲೆ ಬಗ್ಗಿದ. ಅದೇ ಗಳಿಗೆಯಲ್ಲಿ ಲಾರಿಯ ಮರೆಯಿಂದ ಒಂದು ಸ್ಕೂಟರ್ ಸರ್ರನೆ ಹಾದುಹೋಯಿತು. ಆತ ತಲೆ ಎತ್ತುವಷ್ಟರಲ್ಲಿ ಅದು ಮಾಯವಾಗಿತ್ತು. ‘ಅನಗತ್ಯ ಹಿಂಜರಿಕೆ, ಸಂಚಾರಕ್ಕೆ ಅಡ್ಡಿ’ ಎಂದು ಬರೆದು ಫೇಲು ಮಾಡಿದ.

ಕಚೇರಿಯಲ್ಲಿ ಅಕ್ಕ ಆತನ ಮೇಜಿನ ಮುಂದೆ ನಿಂತು ಬಿಡಲೇ ಇಲ್ಲ. “ಒಂದೇ ಒಂದು ಸಲ ಬಂದು ಆ ಜಾಗದಲ್ಲಿ ನಿಂತು ನೋಡಿ ಸಾರ್. ನಡೆದುಕೊಂಡೇ ಹೋಗೋಣ.”

ಆತ ಕುರ್ಚಿಯಿಂದ ಅಲುಗಲಿಲ್ಲ. ಆದರೂ ಉಪಕಾರ ಮಾಡುವ ಧಾಟಿಯಲ್ಲಿ ಒಂದು ಕಾಗದ ಮುಂದಕ್ಕೆ ತಳ್ಳಿದ. “ನಾಳೆ ಬೆಳಿಗ್ಗೆನೇ ಇನ್ನೊಂದು ಸಲ ನೋಡ್ತೀನಿ ಮೇಡಂ. ಸನ್ನೆ ಮಾಡಿದ್ರೆ ಹೊರಡಬೇಕು ಅಂತ ಇವರಿಗೆ ಕಲಿಸಿದ್ದೀನಿ ಅಂತ ಬರೆದು ಸಹಿ ಹಾಕಿ. ಇಲ್ಲಾಂದ್ರೆ ಎರಡು ತಿಂಗಳು ಬಿಟ್ಟು ಬರ್ಲಿ.”

“ಅದನ್ನ ನಾನು ಕಲಿಸಲ್ಲ” ಎಂದು ಅಕ್ಕ ಕಾಗದವನ್ನು ಆತನತ್ತಲೇ ಸರಿಸಿದರು.

ನನ್ನ ಪಿತ್ತ ನೆತ್ತಿಗೇರಿತು. ಹೊರಗೆ ಮೆಟ್ಟಿಲ ಮೇಲೆ ಬಾಯಿಗೆ ಬಂದಂತೆ ಆಡಿದೆ. “ಒಂದು ಸಹಿ ಹಾಕಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಅಕ್ಕ? ಇವಳ ಕೆಲಸ ಹೋಯ್ತಲ್ಲ!” ಅವರ ಮುಖ ಕಪ್ಪಿಟ್ಟಿತು. ತಂಗಿಯ ಕೈ ಹಿಡಿದು, “ನಿನಗೆ ಅನ್ಯಾಯ ಆಯ್ತಮ್ಮ, ನನಗೆ ಗೊತ್ತು” ಎಂದರು, ಅಷ್ಟೇ. ನನಗೆ ಉತ್ತರ ಕೊಟ್ಟವಳು ತಂಗಿ: “ಅಣ್ಣ, ಆ ಸ್ಕೂಟರಲ್ಲಿ ಇಬ್ಬರಿದ್ರು. ಹಿಂದೆ ಕೂತಿದ್ದಾಕೆ ಏನೋ ಹೇಳ್ತಾ ನಗ್ತಿದ್ಲು.”

ಸೋಮವಾರ ಆ ಕೆಲಸ ಬೇರೊಬ್ಬರ ಪಾಲಾಯಿತು. ತಂಗಿ ಎರಡು ತಿಂಗಳ ನಂತರ ಪಾಸಾದಳು, ಬೇರೆ ಕೆಲಸ ಸಿಗಲು ವರ್ಷ ಹಿಡಿಯಿತು. ಇಂದಿಗೂ ನೆನೆದರೆ ನನ್ನ ರಕ್ತ ಕುದಿಯುತ್ತದೆ. ಇನ್ನೂರು ಹೆಜ್ಜೆ ನಡೆಯಲು ಒಪ್ಪದ ಆ ಮಹಾಶಯನ ಮೇಲೆ, ಮೆಟ್ಟಿಲ ಮೇಲೆ ಹಾರಾಡಿದ ನನ್ನ ಮೇಲೂ. ಕೈ ಬೀಸಿದವನು ನಮಗೆ ಸಜ್ಜನ, ಕಾದು ನಿಂತವಳು ದಡ್ಡಿ, ಕಾಯುವುದನ್ನು ಕಲಿಸಿದವರು ಹಟಮಾರಿ! ಆದ ಅಪಘಾತಕ್ಕೆ ಜನ ನೆರೆಯುತ್ತಾರೆ, ಆಗದೆ ಹೋದ ಅಪಘಾತಕ್ಕೆ ಸಾಕ್ಷಿ ಹೇಳುವವರಿಲ್ಲ. ಅಕ್ಕನಂಥವರ ಪಾಡೇ ಇಷ್ಟು: ಅವರಿಗೆ ಕೈ ಮುಗಿಯಬೇಕಾದವರು ಆ ಹೊತ್ತಿಗೆ ಕ್ಷೇಮವಾಗಿ ಮನೆ ಸೇರಿ, ನಡುರಸ್ತೆಯಲ್ಲಿ ಸುಮ್ಮನೆ ನಿಂತಿದ್ದ ಯಾವಳೋ ಕಾರಿನವಳನ್ನು ಬೈದುಕೊಳ್ಳುತ್ತಿರುತ್ತಾರೆ.