ಸದ್ದಿಲ್ಲದೆ ಬೀಳುವವಳು

ಬಂಡಳ್ಳಿಯ ಶಿವರಂಜನಿ ಬಿದ್ದರೆ ಸದ್ದಾಗುತ್ತಿರಲಿಲ್ಲ. ಜೂಡೊದಲ್ಲಿ ಎತ್ತಿ ಒಗೆಯುವುದಕ್ಕಿಂತ ಮೊದಲು ಕಲಿಸುವುದು ಬೀಳುವುದನ್ನು. ಬೀಳುವ ಗಳಿಗೆಯಲ್ಲಿ ಅಂಗೈಯಿಂದ ನೆಲವನ್ನು ಚಟೀರೆಂದು ಬಡಿದರೆ ಪೆಟ್ಟು ಮೈಗಿಳಿಯದೆ ನೆಲಕ್ಕೆ ಹೋಗುತ್ತದೆ. ಕೊಳ್ಳೇಗಾಲದಲ್ಲಿ ಹಿಂದೆ ರೇಷ್ಮೆಗೂಡು ತುಂಬಿಡುತ್ತಿದ್ದ ಉಗ್ರಾಣದಲ್ಲಿ ಚಾಪೆ ಹಾಸಿ ಕಲಿಸುತ್ತಿದ್ದ ಮಹದೇವಸ್ವಾಮಿ ಮೇಷ್ಟರು ಈ ಒಂದು ಪಾಠಕ್ಕಾಗಿ ಎಷ್ಟು ಗಂಟಲು ಹರಿದುಕೊಂಡರೂ, ಅವಳು ಮಾತ್ರ ಹಗ್ಗದಿಂದ ಜಾರಿದ ಒಣಸೀರೆಯಂತೆ ಬೀಳುವಳು, ಎದ್ದು, ಒಂದಳತೆ ದೊಡ್ಡದಾದ ಜೂಡೊದ ಬಿಳಿಯ ಅಂಗಿಯ ಸೊಂಟಪಟ್ಟಿ ಬಿಗಿದುಕೊಂಡು ಕೇಳುವಳು: “ಕೇಳುಸ್ತಾ ಸಾ?”

ಮೇಷ್ಟರಿಗೆ ಕೇಳಿಸುತ್ತಿತ್ತು. ಅವಳು ಬಿದ್ದ ಎರಡು ಉಸಿರಿನ ತರುವಾಯ, ಕಿಟಕಿಯ ಮೂಲೆಯ ಖಾಲಿ ಚಾಪೆಯಿಂದ ‘ದೊಪ್’ ಎಂಬ ಸದ್ದು. ಮೊದಮೊದಲು ಹೆಗ್ಗಣವೆಂದುಕೊಂಡರು. ಉಳಿದ ಮಕ್ಕಳು ತಲೆಯೆತ್ತಿ ಕೂಡ ನೋಡದಿದ್ದಾಗ ಹಾಡುಹಗಲೇ ಅವರ ಮೈ ಜುಮ್ಮೆಂದಿತು. “ಇಲ್ಲ ಕಣವ್ವ, ಏನೂ ಇಲ್ಲ” ಎಂದುಬಿಟ್ಟರು. ಒಮ್ಮೆ ಹೇಳಿದ ಸುಳ್ಳನ್ನು ಹದಿನೈದು ವರ್ಷ ಸಾಕಿದರು.

ಅವಳ ನಡಿಗೆಯೂ ವಿಚಿತ್ರ: ನೆಲ ಇನ್ನೂ ಅಲ್ಲೇ ಇದೆಯೇ ಎಂದು ಪರೀಕ್ಷಿಸುವಂತೆ ಮೊದಲು ಹೆಬ್ಬೆರಳೂರಿ, ಆಮೇಲೆ ಹಿಮ್ಮಡಿ. ಮೂಲೆಯ ಆ ಚಾಪೆಯನ್ನು ತಾನೇ ಒರೆಸುವಳು, ಯಾರಿಗೂ ತುಳಿಯಗೊಡಳು. ರಾಜ್ಯಮಟ್ಟದಲ್ಲಿ ಏಳು ಸಲ ಚಿನ್ನ ತಂದಳು. ರಾಷ್ಟ್ರಮಟ್ಟದಲ್ಲಿ ಎರಡು ಕಂಚು, ಒಂದು ಬೆಳ್ಳಿ. ಅವಳೆದುರು ಸೋತ ಮೈಸೂರಿನ ಹುಡುಗಿಯೊಬ್ಬಳು, “ನನ್ ಕಾಲರ್ ಹಿಡ್ಕೊಂಡು ಅವ್ಳು ಇನ್ಯಾರಿಗೋ ಕಾಯ್ತಾ ಇದ್ಳು” ಎಂದು ಅತ್ತಳಂತೆ.

ಕಾರಣವನ್ನು ಒಮ್ಮೆ ಹನೂರಿನ ಬಸ್ಸಿನಲ್ಲಿ ತಾನಾಗಿ ಹೇಳಿದಳು. “ನಮ್ಮಕ್ಕ ರೂಪಕ್ಕ ಉಣಸೆಮರ ಅತ್ತಿದ್ಲು ಸಾ. ಕೊಂಬೆ ಲಟಕ್ಕಂತು. ಕೆಳ್ಗೆ ನಾನು, ಇಡ್ಕತೀನಿ ಅಂದಿದ್ದವ್ಳು, ಕಣ್ಣು ಮುಚ್ಕಬುಟ್ಟೆ. ಅವ್ಳು ಉಳೀನಿಲ್ಲ. ಬಿದ್ದ ಆ ಸದ್ದು ಅವ್ವಂಗೂ ಕೇಳುಸ್ನಿಲ್ಲ, ಯಾರ್ಗೂ ಕೇಳುಸ್ನಿಲ್ಲ. ನಂಗೊಬ್ಳಿಗೇಯ.” ಆಗಲಾದರೂ ಮೇಷ್ಟರು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ, ಹೇಳಿದರೆ ಹುಡುಗಿ ಕಣಕ್ಕೇ ಇಳಿಯಲಿಕ್ಕಿಲ್ಲವೆಂಬ ಭಯ, ತನ್ನ ಕೈಯಲ್ಲಿ ಬೆಳೆದವಳು ದೇಶದ ಚಿನ್ನ ತರಲೆಂಬ ಆಸೆ, ಎರಡೂ ಇದ್ದವು.

ಇಪ್ಪತ್ತೊಂಬತ್ತನೆಯ ವಯಸ್ಸಿಗೆ, ಮಂಡಿ ಸವೆದ ಕಾಲಕ್ಕೆ, ಅವಳಿಗೆ ಕೊನೆಯದೊಂದು ರಾಷ್ಟ್ರೀಯ ಫೈನಲ್ ಒದಗಿತು. ಅರ್ಧ ಅಂಕ ಮುಂದಿದ್ದಳು. ನಾಲ್ಕೇ ಸೆಕೆಂಡು ಬಾಕಿ ಇರುವಾಗ ಎದುರಾಳಿ ಅವಳನ್ನು ಹೆಗಲ ಮೇಲಿಂದ ತಿರುಗಿಸಿ ಒಗೆದಳು. ಹಾಗೆ ಒಗೆದಾಗ ಬೆನ್ನು ಪೂರ್ತಿ ನೆಲ ಮುಟ್ಟಿದರೆ ಆಟ ಅಲ್ಲಿಗೇ ಮುಗಿದು ಸೋಲು; ಅವಳ ಬೆನ್ನು ಪೂರ್ತಿ ಮುಟ್ಟಿದ್ದನ್ನು ಮೇಷ್ಟರು ಕಣ್ಣಾರೆ ಕಂಡರು, ಆದರೆ ಸದ್ದಿಲ್ಲ. ಎದುರಾಳಿಯ ಮೈ ಅಡ್ಡವಾಗಿ ಸರಿಯಾಗಿ ಕಾಣದ ತೀರ್ಪುಗಾರ ಅನುಮಾನಿಸಿ, ಅಂಕ ಕೊಡದೆ ಆಟ ನಿಲ್ಲಿಸಿದ. ಉಳಿದ ಒಂದೆರಡು ಸೆಕೆಂಡು ನಿಂತರೆ ಸಾಕು, ಚಿನ್ನ.

ಆಗ ಜನರಿಲ್ಲದ ಗ್ಯಾಲರಿಯ ಮೂಲೆಯಿಂದ ಬಂತು: ದೊಪ್.

ಯಾರೂ ತಿರುಗಲಿಲ್ಲ. ಶಿವರಂಜನಿ ಕೋಚಿನ ಕುರ್ಚಿಯತ್ತ ನೋಡಿದಳು. “ಕೇಳುಸ್ತಾ ಸಾ?”

‘ಇಲ್ಲ’ ಎಂಬ ಹಳೆಯ ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಅವಳ ಮುಖ ನೋಡಿದ ಮೇಲೆ ಅದು ಹೊರಡಲಿಲ್ಲ.

“ಕೇಳುಸ್ತು ಕಣವ್ವ,” ಎಂದರು. “ಮೊದ್ಲಿಂದ್ಲೂ ಕೇಳುಸ್ತಾನೇ ಅದೆ.”

ಅವಳು ಬೈಯಲಿಲ್ಲ. ತೀರ್ಪುಗಾರನಿಗೆ ತನ್ನ ಬೆನ್ನು ಮುಟ್ಟಿ ತೋರಿಸಿ, ಎದುರಾಳಿಗೆ ಬಾಗಿ ನಮಸ್ಕರಿಸಿ, ಕಣದಿಂದ ಇಳಿದುಬಂದಳು. ಹಿಮ್ಮಡಿಯೂರಿ, ಎಲ್ಲರ ಹಾಗೆ. ಮೇಷ್ಟರು ಎಲ್ಲರೆದುರು ಅತ್ತುಬಿಟ್ಟರು.

ಈಗ ಉಗ್ರಾಣದಲ್ಲಿ ಅವಳೇ ಕಲಿಸುತ್ತಾಳೆ. ಬಿದ್ದಳೆಂದರೆ ಕಿಟಕಿ ಗಾಜು ಅದುರುತ್ತದೆ, ಮೂಲೆ ಸುಮ್ಮನಿರುತ್ತದೆ. ಇಂಥವರನ್ನು ಗೆಲ್ಲಲು ಹುಟ್ಟಿದವರೆಂದು ಹೊಗಳಿ, ಪದಕ ಎಣಿಸಿ, ನಾವು ಕೈತೊಳೆದುಕೊಳ್ಳುತ್ತೇವೆ. ಅವರು ಊರೂರು ಅಲೆದು ಬೀಳುವುದು ಪದಕಕ್ಕಲ್ಲ, ತಮಗೊಬ್ಬರಿಗೇ ಕೇಳಿಸಿದ್ದು ಇನ್ನೊಂದು ಜೀವಕ್ಕೂ ಕೇಳಲೆಂದು. ನಮಗೂ ಕೇಳಿಸಿರುತ್ತದೆ, ಹೇಳಿರುವುದಿಲ್ಲ ಅಷ್ಟೆ.