ಹೆಸರೆತ್ತದೆ ಕೊಟ್ಟ ಉತ್ತರ

ನಂದಿಗುಡಿಯಿಂದ ಸರಸ್ವತಿ ನಗರದ ಮಗನ ಮನೆಗೆ ಬಂದ ಮರುಳಸಿದ್ದಮ್ಮನಿಗೆ ಸೊಸೆ ಅಂಕಿತಾಳ ಮೇಲೆ ಬಲು ಬೇಗ ಅನುಮಾನ ಹುಟ್ಟಿತು. ಗಂಡ ಗೊಬ್ಬರದಂಗಡಿಗೆ ಹೊರಟಿದ್ದೇ ತಡ, ಬಾಗಿಲು ಮುಂದೆ ಮಾಡಿಕೊಂಡು ಫೋನಿನಲ್ಲಿ ಯಾವುದೋ ಭಾಷೆ ಆಡುತ್ತಾಳೆ. ನಡುವೆ ನಗು ಬೇರೆ. ಅದೂ ಹೋಗಲಿ, ವೀರೇಶ್ ವೀರೇಶ್ ಎಂದು ಗಂಡನ ಹೆಸರು ಹಿಡಿಯುತ್ತಾಳೆ. ಹಿರಿಯರೆದುರು ಎಂದೂ ಆ ಹೆಸರೆತ್ತದವಳು ಈಗ ಯಾರಿಗೆ ಚಾಡಿ ಹೇಳುತ್ತಿದ್ದಾಳೆ? ಒಂದು ದಿನ ಕೇಳಿಯೇ ಬಿಟ್ಟಳು.

“ಅದು ಸ್ಪ್ಯಾನಿಷ್ ಕ್ಲಾಸು, ಅತ್ತೆ. ಮನೆಯೋರ ಬಗ್ಗೆ ಹೇಳೋದು ಕಲಿಸ್ತಾರೆ. ಹರಿಹರದ ಕಾರ್ಖಾನೆಯೋರು ಮೆಕ್ಸಿಕೋಗೆ ಪಂಪು ಕಳಿಸ್ತಾರ್ರಿ. ಅಲ್ಲಿಯೋರ ಜೊತೆ ಮಾತಾಡೋ ಕೆಲಸ. ನಾಳೆ ಫೋನಿನಾಗೆ ಪರೀಕ್ಷೆ ಐತೆ.”

“ಮದುವಿಗೆ ಮುಂಚೆಯಿಂದ ಕಲೀತೀಯಂತೆ. ಇನ್ನೂ ಯಾಕ ತಡವರಿಸ್ತೀ?”

“ಓದಿದ್ರೆ ತಿಳೀತೈತ್ರಿ. ಅವರು ಬಡಬಡ ಅಂದ್ರೆ ಅರ್ಧ ಹಾರಿ ಹೋಗ್ತೈತೆ. ನಾನು ಮಾತಾಡೋವಾಗ ಒಂದು ಪದ ಸಿಗ್ಲಿಲ್ಲ ಅಂದ್ರೆ ಅಲ್ಲಿಗೇ ಬಾಯಿ ಕಟ್ತೈತೆ. ಹೋದ ಸಲ ಹಂಗೇ ಆತು. ಈ ಸಲನೂ ಆದ್ರೆ ಮತ್ತೆ ಕರೆಯಲ್ಲಂತೆ.”

“ಹಂಗಾರೆ ನಾನೂ ಪಕ್ಕದಾಗೆ ಕೂಡ್ತೀನಿ. ಮುಚ್ಚುಮರೆ ಏನೈತೆ?”

ಮರುದಿನ ಮರುಳಸಿದ್ದಮ್ಮ ಅವರೆಕಾಯಿ ಸುಲಿಯುವ ನೆಪದಲ್ಲಿ ಮಂಚದ ಮೇಲೆ ಕೂತಳು. ಪರದೆಯಲ್ಲಿ ಕಂಡದ್ದು ಪರೀಕ್ಷೆ ಮಾಡುವ ನರೆಗೂದಲ ಹೆಂಗಸು. ಆದರೂ ಸಮಾಧಾನವಿಲ್ಲ. ಹಿಂದೆ ಇನ್ಯಾರಾದರೂ ಇದ್ದಾರೆಯೇ ಎಂದು ಕತ್ತು ಚಾಚಿದಳು.

ಆ ಹೆಂಗಸು ಸ್ಪ್ಯಾನಿಷ್‌ನಲ್ಲಿ ಗಂಡನ ಹೆಸರು ಕೇಳಿದಳು. ಅಂಕಿತಾ ಬಾಯಿ ತೆರೆದಳು. ಅತ್ತೆಯ ಕಣ್ಣು ತನ್ನ ಮೇಲೇ ಇತ್ತು. ಹೆಸರು ಹೊರಬರಲಿಲ್ಲ. ಪರದೆಯ ಹೆಂಗಸು ಕಾಯುತ್ತಿದ್ದಳು. ಕೆಲಸ ಕೈತಪ್ಪಿದಂತೆಯೇ ಎನಿಸಿತು.

ಆಗ ಅಂಕಿತಾ, ಊರಿನ ಹೆಂಗಸರು ಮಾಡುವ ಹಾಗೆಯೇ, ಬಳಸು ದಾರಿ ಹಿಡಿದಳು. ಇವರ ಮಗ, ಎಂದು ಸ್ಪ್ಯಾನಿಷ್‌ನಲ್ಲಿ ಹೇಳಿ ಅತ್ತೆಯ ಕಡೆ ಕೈ ಮಾಡಿದಳು. ನಮ್ಮಲ್ಲಿ ಹಿರಿಯರೆದುರು ಗಂಡನ ಹೆಸರು ಹೇಳುವುದಿಲ್ಲ ಎಂದೂ ಸೇರಿಸಿದಳು. ಹೆಂಗಸಿಗೆ ಕುತೂಹಲವಾಯಿತು. ಅವರು ಏನು ಕೆಲಸ ಮಾಡುತ್ತಾರೆ, ಎಂದು ಕೇಳಿದಳು. ಗೊಬ್ಬರಕ್ಕೆ ಆ ಭಾಷೆಯ ಪದ ನೆನಪಾಗಲಿಲ್ಲ. ಈ ಸಲ ಅಂಕಿತಾ ನಿಲ್ಲಲಿಲ್ಲ. ಭತ್ತದ ಗದ್ದೆಗೆ ಹಾಕುವ ಊಟ ಮಾರುತ್ತಾರೆ, ಎಂದಳು. ಹೆಂಗಸು ನಕ್ಕು ಪದ ಹೇಳಿಕೊಟ್ಟಳು. ಅಲ್ಲಿಂದ ಮಾತು ತಪ್ಪುಗಳ ಸಮೇತ ಸಾಗಿತು. ಕೊನೆಗೆ ಆ ಹೆಂಗಸು, ಸೋಮವಾರ ಕೆಲಸಕ್ಕೆ ಬನ್ನಿ ಎಂದಳು.

ಫೋನ್ ಇಟ್ಟೊಡನೆ ಮರುಳಸಿದ್ದಮ್ಮ ಕೇಳಿದಳು: “ನನ್ನ ಕಡೆ ಕೈ ಮಾಡಿ ಏನಂದೆ?”

“ನಿಮ್ಮ ಮಗ ಅಂದೆ.”

“ಅಷ್ಟಕ್ಕೇ ಅಷ್ಟು ನಗಬೇಕಾ ಆಯಮ್ಮ?”

“ಕೆಲಸ ಸಿಕ್ತು, ಅತ್ತೆ.”

ಮರುಳಸಿದ್ದಮ್ಮ ಅವರೆಕಾಯಿ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು.

“ಸಿಗಲಿ, ಬ್ಯಾಡ ಅಂದೋರ್ಯಾರು? ಹರಿಹರಕ್ಕೆ ಯಾವ ಬಸ್ಸಿಗೆ ಹೋಗ್ತೀ? ಅಲ್ಲಿ ನಿನ್ನ ಪಕ್ಕದ ಕುರ್ಚಿಯಾಗೆ ಯಾರು ಕೂಡ್ತಾರೆ?”