ಯಂಕವ್ವ ಆಡದ ಮಾತು

ಇಂಗ್ಲೆಂಡಿನಲ್ಲಿ ಸಸ್ಯಶಾಸ್ತ್ರ ಓದುತ್ತಿದ್ದ ಮಗಳು ಕಸ್ತೂರಿಗೆ ಅಮ್ಮಿನಬಾವಿಯ ಯಂಕವ್ವ ತಿಂಗಳಿಗೊಂದು ಪತ್ರ ಬರೆಸುತ್ತಿದ್ದಳು. ಅವಳಿಗೆ ಅಕ್ಷರ ಬಾರದು. ಅವಳು ಹೇಳಿದ್ದನ್ನು ಮೈದುನ ರಾಮಪ್ಪ ಬರೆಯುತ್ತಿದ್ದ, ಬಂದ ಉತ್ತರಗಳನ್ನೂ ಅವನೇ ಓದಿ ಹೇಳುತ್ತಿದ್ದ. “ಥಂಡ್ಯಾಗ ಕಿವಿ ಕಟ್ಟಿಕೋ, ಯಾರ ಮುಂದೂ ತಲಿ ತಗ್ಗಿಸಬ್ಯಾಡ, ಓದು ಮುಗಿಸೇ ಬಾ” ಎಂದು ಅವಳು ಪ್ರತಿಸಲವೂ ಹೇಳುತ್ತಿದ್ದಳು.

೧೯೬೩ರ ಬೇಸಗೆಯಲ್ಲಿ ಮಗಳ ಪತ್ರ ಬಂದಾಗ ರಾಮಪ್ಪ ಊರಲ್ಲಿರಲಿಲ್ಲ. ಶಾಲೆಯಲ್ಲಿ ಕಲಿಸುವ ಅಕ್ಕೋರು ಓದಿದರು: “ಅವ್ವಾ, ಲಗ್ನ ಗೊತ್ತು ಮಾಡೇನಿ, ಓದು ಬಿಟ್ಟು ಬಾ ಅಂತ ಮೂರು ಪತ್ರ ಬರಿಸಿದಿ. ನಿನ್ನ ಮಾತು ಮೀರಲಾರೆ. ಬರೋ ತಿಂಗಳ ಹಡಗ ಹತ್ತತೇನಿ.”

ಯಂಕವ್ವನ ಮೈಯೆಲ್ಲ ಉರಿಯಿತು. ಸಂಜೆ ಊರಿಗೆ ಮರಳಿದ ರಾಮಪ್ಪನನ್ನು ಅಂಗಳದಲ್ಲೇ ತಡೆದಳು.

“ನಾ ಆಡದ ಮಾತು ನನ್ನ ಹೆಸರಿಲೆ ಬರಿಯಾಕ ನೀ ಯಾರೋ?”

“ವಯಸ್ಸಿಗೆ ಬಂದ ಹುಡುಗಿ, ಅತ್ತಿಗಿ. ಅಕಿ ಛಲೋದಕ್ಕ ಬರದೇನಿ.”

“ಛಲೋದಿದ್ರ ನಿನ್ನ ಹೆಸರಿಲೆ ಬರೀಬೇಕಿತ್ತು! ನಿನ್ನ ಮಾತು ಅಕಿ ಕೇಳೂದಿಲ್ಲಂತ ಗೊತ್ತಿತ್ತು ನಿನಗ!”



ಮರುದಿನ ಅಕ್ಕೋರ ಜೊತೆ ಧಾರವಾಡಕ್ಕೆ ಹೋಗಿ ಯಂಕವ್ವ ತಂತಿ ಕೊಡಿಸಿದಳು: ಬರಬೇಡ, ಆ ಪತ್ರಗಳು ನನ್ನವಲ್ಲ, ಓದು ಮುಗಿಸು. ಕಸ್ತೂರಿ ಹಡಗು ಹತ್ತಲಿಲ್ಲ.

ಆ ವಾರವೇ ಯಂಕವ್ವ ಅಕ್ಕೋರ ಮುಂದೆ ಪಾಟಿ ಹಿಡಿದು ಕೂತಳು. ಸಿಟ್ಟು ಇನ್ನೂ ಇಳಿದಿರಲಿಲ್ಲ. ಒತ್ತಿ ಒತ್ತಿ ಬರೆದು ದಿನಕ್ಕೊಂದು ಬಳಪ ಮುರಿಯುತ್ತಿದ್ದಳು.